ಪಂಡಿತಾ ರಮಾಬಾಯಿ: ಏಜೆಂಟರಿಗಿಂತ ಮೊದಲೇ ಹೋಗಿ ಹೆಣ್ಣುಮಕ್ಕಳನ್ನು ಉಳಿಸಿದ ಮಾಳ ಮೂಲದ ಮಹಿಳೆ

ಕಾರ್ಕಳ: ಮಾಳ ಘಾಟಿ ಹತ್ತಿ ಕುದುರೆಮುಖದ ಕಡೆ ಹೋಗುವವರು ದಿನಾ ಇದ್ದಾರೆ. ಆ ಘಾಟಿ ಮೇಲಿನ ಗಂಗಾಮೂಲದ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ಹುಟ್ಟಿದ ಮಗುವೇ ಮುಂದೆ ಪಂಡಿತಾ ರಮಾಬಾಯಿ ಅಂತ ಹೆಸರಾದದ್ದು ಎಷ್ಟೋ ಜನಕ್ಕೆ ಗೊತ್ತಿಲ್ಲ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಮಾಳ ಕಡೆಯವರು. ಬರಗಾಲದಲ್ಲಿ ಹೆಣ್ಣುಮಕ್ಕಳನ್ನು ಪುಸಲಾಯಿಸಿ ಸಾಗಿಸುತ್ತಿದ್ದವರ ಕೈಗೆ ಸಿಗದ ಹಾಗೆ ನೂರಾರು ಮಂದಿಯನ್ನು ಕರೆತಂದು ಓದು, ಕೆಲಸ ಕಲಿಸಿದ ‘ಮುಕ್ತಿ ಮಿಷನ್’ ರಮಾಬಾಯಿ ಕಟ್ಟಿದ ಸಂಸ್ಥೆ. ಮಹಾರಾಷ್ಟ್ರದ ಪುಣೆ ಜಿಲ್ಲೆಯ ಕೇಡಗಾಂವ್‌ನಲ್ಲಿ ಅದು ಈಗಲೂ ಇದೆ.

ಬಾಲ್ಯ ಮತ್ತು ಬರಗಾಲ

ಹೆಂಗಸರು ಸಂಸ್ಕೃತ ಕಲಿಯಬಾರದು ಅನ್ನುತ್ತಿದ್ದ ಕಾಲ ಅದು. ಅನಂತಶಾಸ್ತ್ರಿಗಳು ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಸ್ವಂತ ಸಮಾಜದವರ ವಿರೋಧ ಬಂತು, ಆದರೂ ಬಿಡಲಿಲ್ಲ. ರಮಾಬಾಯಿಗೆ ಪಾಠ ಹೇಳಿದ್ದು ಆ ತಾಯಿಯೇ.

ಕುಟುಂಬ ಊರೂರು ತಿರುಗಿ ಪುರಾಣ ಹೇಳಿ ಬದುಕುತ್ತಿತ್ತು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಹೋದರು. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ನಡೆದುಕೊಂಡೇ ದೇಶ ಸುತ್ತಿ 1878ರಲ್ಲಿ ಕಲ್ಕತ್ತಾ ಸೇರಿದರು. ಅಲ್ಲಿನ ವಿದ್ವಾಂಸರು ಕೊಟ್ಟ ಬಿರುದುಗಳೇ ‘ಪಂಡಿತಾ’ ಮತ್ತು ‘ಸರಸ್ವತಿ’. ಹಸಿವು ಬಂದಾಗ ಹೆಣ್ಣುಮಕ್ಕಳ ಪಾಡು ಏನಾಗುತ್ತದೆ ಅನ್ನೋದನ್ನು ಅವರು ಕಣ್ಣಾರೆ ಕಂಡವರು.

1880ರಲ್ಲಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧ್ವಿ ಅವರ ಜತೆ ಮದುವೆ. ಎರಡೇ ವರ್ಷಕ್ಕೆ ಗಂಡ ತೀರಿಕೊಂಡರು. 23ರ ವಯಸ್ಸು, ಕೈಯಲ್ಲಿ ಮಗಳು ಮನೋರಮಾ.

ಇಂಗ್ಲೆಂಡ್‌ನಲ್ಲಿ ಕಂಡದ್ದು

1883ರಲ್ಲಿ ಇಂಗ್ಲೆಂಡ್‌ಗೆ ಹೋದರು. ಅದೇ ವರ್ಷ ಅಲ್ಲಿ ಕ್ರೈಸ್ತ ಧರ್ಮ ಸೇರಿದರು. ಲಂಡನ್‌ನ ಫುಲ್ಹಮ್‌ನಲ್ಲಿ ಕ್ರೈಸ್ತ ಸಿಸ್ಟರ್‌ಗಳು ನಡೆಸುತ್ತಿದ್ದ ಮನೆಯೊಂದನ್ನು ನೋಡಿದ್ದು ಅವರ ಮನಸ್ಸಿನಲ್ಲಿ ಉಳಿಯಿತು. ಊರು, ಮನೆ ಎರಡೂ ‘ಕೆಟ್ಟುಹೋದವಳು’ ಅಂತ ಕೈಬಿಟ್ಟ ಹೆಂಗಸರನ್ನು ಅಲ್ಲಿ ಮನುಷ್ಯರ ಹಾಗೆ ನೋಡಿಕೊಳ್ಳುತ್ತಿದ್ದರು. ಅಂಥವರಿಗೂ ಎರಡನೇ ಬದುಕು ಇದೆ ಅನ್ನುವುದನ್ನು ಅಲ್ಲಿ ಕಂಡೆ ಅಂತ ರಮಾಬಾಯಿ ಮುಂದೆ ಬರೆದುಕೊಂಡಿದ್ದಾರೆ.

ಶಾರದಾ ಸದನ ಮತ್ತು ವಿವಾದ

1889ರ ಮಾರ್ಚ್ 11ರಂದು ಬೊಂಬಾಯಿಯಲ್ಲಿ ವಿಧವೆಯರಿಗಾಗಿ ‘ಶಾರದಾ ಸದನ’ ಶಾಲೆ ತೆರೆದರು. ಮರುವರ್ಷ ಅದು ಪುಣೆಗೆ ಹೋಯಿತು. ಮುಂದೆ ಸಮಾಜ ಸುಧಾರಕ ಧೋಂಡೋ ಕೇಶವ ಕರ್ವೆ ಅವರನ್ನು ಮದುವೆಯಾದ ಗೋದೂಬಾಯಿ ಇಲ್ಲಿ ಓದಿದವರೇ.

ಶಾಲೆಯಲ್ಲಿ ಧರ್ಮದ ವಿಚಾರಕ್ಕೆ ಹೋಗುವುದಿಲ್ಲ ಅಂತ ಮೊದಲೇ ಮಾತಾಗಿತ್ತು. ಆದರೆ ಹುಡುಗಿಯರನ್ನು ಮತಾಂತರಕ್ಕೆ ಸೆಳೆಯಲಾಗ್ತಿದೆ ಅಂತ ತಿಲಕರ ‘ಕೇಸರಿ’ ಪತ್ರಿಕೆ ಗಟ್ಟಿಯಾಗಿ ಟೀಕಿಸಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಹಿರಿಯರು ಸಲಹಾ ಮಂಡಳಿಯಿಂದ ಹೊರಬಂದರು. ಹಲವು ಪಾಲಕರು ಮಕ್ಕಳನ್ನು ಕರೆದುಕೊಂಡು ಹೋದರು. ಆಮೇಲೆ ಬಂದ ಮುಕ್ತಿ ಮಿಷನ್ ಮುಚ್ಚುಮರೆ ಇಲ್ಲದೆ ಕ್ರೈಸ್ತ ಸಂಸ್ಥೆಯಾಗಿಯೇ ನಡೆಯಿತು. ಈ ಚರ್ಚೆ ಇವತ್ತಿಗೂ ಇದೆ.

ಪರಿಹಾರ ಕ್ಯಾಂಪ್‌ಗಳಲ್ಲಿ ಏನಾಗ್ತಿತ್ತು?

1890ರ ದಶಕದಲ್ಲಿ ರಮಾಬಾಯಿ ವೇಷ ಮರೆಸಿ ಬೃಂದಾವನಕ್ಕೆ ಹೋಗಿದ್ದರು. ತೀರ್ಥಯಾತ್ರೆ ಹೆಸರಲ್ಲಿ ವಿಧವೆಯರನ್ನು ಕರೆತಂದು ದುರುಪಯೋಗ ಮಾಡುವ ಜಾಲವನ್ನು ಅಲ್ಲಿ ನೋಡಿದರು.

1896–97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ದೊಡ್ಡ ಬರ. ಸರ್ಕಾರ ಗಂಜಿ ಕೇಂದ್ರ, ಪರಿಹಾರ ಕ್ಯಾಂಪ್ ತೆರೆದಿತ್ತು. ಅಪ್ಪ ಅಮ್ಮ ಸತ್ತ ಹುಡುಗಿಯರು, ಗಂಡ ಬಿಟ್ಟುಹೋದ ಹೆಂಗಸರು ಅಲ್ಲಿ ತುಂಬಿದ್ದರು. ಕಾಯಬೇಕಾದವರೇ ಕೆಲವು ಕಡೆ ಮೈಮೇಲೆ ಬೀಳುತ್ತಿದ್ದರು. ಊಟ, ಬಟ್ಟೆ, ಕೆಲಸ ಕೊಡ್ತೀವಿ ಅಂತ ಹೇಳಿ ಎಳೆಯ ಹುಡುಗಿಯರನ್ನು ಕರೆದೊಯ್ಯುವವರು ಕ್ಯಾಂಪ್ ಸುತ್ತ ಕಾಯುತ್ತಿದ್ದರು. ಹೋದವರು ತಿರುಗಿ ಬರುತ್ತಿರಲಿಲ್ಲ.

ರಮಾಬಾಯಿ ಮಾಡಿದ್ದು ಇಷ್ಟೇ: ಆ ಜನರಿಗಿಂತ ಮೊದಲು ತಾವೇ ಅಲ್ಲಿಗೆ ಹೋಗುವುದು. ಬರದ ಊರುಗಳಿಗೆ ಹೋಗಿ ಸುಮಾರು 300 ಹುಡುಗಿಯರು, ಹೆಂಗಸರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗ್ ಇದ್ದ ಕಾರಣ ಅಷ್ಟು ಜನರನ್ನು ಪೇಟೆಯಲ್ಲಿ ಇಡಲು ಅನುಮತಿ ಸಿಗಲಿಲ್ಲ. ಮೊದಲೇ ಕೊಂಡಿದ್ದ ಕೇಡಗಾಂವ್‌ನ ಜಮೀನಿನಲ್ಲಿ ಗುಡಿಸಲು ಹಾಕಿದರು. ಪ್ಲೇಗ್ ಆಸ್ಪತ್ರೆಗಳಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆ ಇಲ್ಲ ಅಂತ 1897ರಲ್ಲಿ ಪತ್ರಿಕೆಗೆ ಪತ್ರ ಬರೆದು ಬ್ರಿಟಿಷ್ ಸರ್ಕಾರವನ್ನೂ ಎದುರುಹಾಕಿಕೊಂಡರು.

ಕೇಡಗಾಂವ್‌ನಲ್ಲಿ ಕಲಿಸಿದ್ದು

ಗುಜರಾತ್ ಬರದ ನಂತರ, 1900ರ ಹೊತ್ತಿಗೆ ಮುಕ್ತಿಯಲ್ಲಿ ಇದ್ದವರ ಸಂಖ್ಯೆ 1,500 ದಾಟಿತ್ತು. ಇಷ್ಟು ಜನಕ್ಕೆ ಬರೀ ಊಟ ಹಾಕಿ ಕೂರಿಸಲಿಲ್ಲ.

* ಎಲ್ಲರಿಗೂ ಓದು ಬರಹ
* ಬೇಸಾಯ, ಹಣ್ಣಿನ ತೋಟ, ಹೈನುಗಾರಿಕೆ
* ನೇಯ್ಗೆ, ಹೊಲಿಗೆ, ಎಣ್ಣೆ ಗಾಣ
* ಮುದ್ರಣಾಲಯ – ಅಕ್ಷರ ಜೋಡಿಸುವುದರಿಂದ ಅಚ್ಚು ಹಾಕುವವರೆಗೆ ಹೆಂಗಸರದ್ದೇ ಕೆಲಸ
* ಕಣ್ಣು ಕಾಣದವರಿಗೆ ಬ್ರೈಲ್ ಪಾಠ
* ಶೋಷಣೆಗೆ ಸಿಕ್ಕಿ ಬಂದವರಿಗೆ ‘ಕೃಪಾ ಸದನ’ ಅನ್ನುವ ಪ್ರತ್ಯೇಕ ಮನೆ

ಕೈಯಲ್ಲಿ ಕಸುಬು ಇಲ್ಲದ ಹುಡುಗಿಯನ್ನು ಎಷ್ಟು ಸಲ ಬಿಡಿಸಿ ತಂದರೂ ಮತ್ತೆ ಯಾರೋ ಒಬ್ಬ ‘ಕೆಲಸ ಕೊಡಿಸ್ತೀನಿ’ ಅಂತ ಬರ್ತಾನೆ. ಮುಕ್ತಿಯ ಗಾಣ, ಮಗ್ಗ, ಪ್ರೆಸ್ ಎಲ್ಲ ಅದಕ್ಕೆ ಉತ್ತರ.

ಕರ್ನಾಟಕದ ಇನ್ನೊಂದು ನಂಟು: 1912ರ ಹೊತ್ತಿಗೆ ಆಗಿನ ನಿಜಾಮ್ ಸಂಸ್ಥಾನದ ಗುಲ್ಬರ್ಗದಲ್ಲಿ (ಈಗಿನ ಕಲಬುರಗಿ) ರಮಾಬಾಯಿ ಶಾಲೆ ತೆರೆದರು. ಮಗಳು ಮನೋರಮಾ ಅದರ ಮುಖ್ಯೋಪಾಧ್ಯಾಯಿನಿ. 1921ರಲ್ಲಿ ಮನೋರಮಾ, 1922ರ ಏಪ್ರಿಲ್ 5ರಂದು ರಮಾಬಾಯಿ ತೀರಿಕೊಂಡರು. 1989ರಲ್ಲಿ ಅಂಚೆ ಇಲಾಖೆ ಅವರ ಸ್ಟ್ಯಾಂಪ್ ತಂದಿತು.

ಈಗಿನ ಕಾನೂನು ಏನು ಹೇಳುತ್ತದೆ?

ಬರದ ಕ್ಯಾಂಪ್ ಈಗಿಲ್ಲ. ಆದರೆ ಮನೆಗೆಲಸ, ಬ್ಯೂಟಿ ಪಾರ್ಲರ್, ಮಾಲ್ ಕೆಲಸ, ವರದಕ್ಷಿಣೆ ಇಲ್ಲದ ಮದುವೆ, ಮೊಬೈಲ್‌ನಲ್ಲಿ ಪರಿಚಯವಾದ ‘ಸ್ನೇಹಿತ’ – ಆಸೆ ತೋರಿಸುವ ರೀತಿ ಮಾತ್ರ ಬದಲಾಗಿದೆ. ಜನ ತಿಳಿದಿರಬೇಕಾದ್ದು:

* ಮಾನವ ಸಾಗಣೆ ಭಾರತೀಯ ನ್ಯಾಯ ಸಂಹಿತೆಯ ಕಲಂ 143ರಡಿ ಅಪರಾಧ. ಕನಿಷ್ಠ 7 ವರ್ಷ ಜೈಲು. ಬಲಿಯಾದವರು 18 ವರ್ಷದೊಳಗಿನವರಾದರೆ ಕನಿಷ್ಠ 10 ವರ್ಷ, ಜೀವಾವಧಿವರೆಗೂ ಆಗಬಹುದು.
* ಹುಡುಗಿ ‘ಒಪ್ಪಿಕೊಂಡೇ ಹೋದಳು’ ಅನ್ನೋ ಮಾತಿಗೆ ಈ ಕಲಮಿನಲ್ಲಿ ಬೆಲೆ ಇಲ್ಲ.
* ಮಗು ಕಾಣೆಯಾದರೆ ‘ನಾಳೆ ಬನ್ನಿ’ ಅನ್ನುವ ಹಾಗಿಲ್ಲ. ಎಫ್‌ಐಆರ್ ದಾಖಲಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು.
* ಬಸ್‌ಸ್ಟ್ಯಾಂಡ್, ಅಂಗಡಿ, ಲಾಡ್ಜ್ ಹತ್ತಿರ ಒಂಟಿ ಮಗು ಸಿಕ್ಕರೆ 24 ಗಂಟೆಯೊಳಗೆ ಪೊಲೀಸರಿಗೆ, 1098ಕ್ಕೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು.
* ಚರ್ಚ್, ಮಠ, ಟ್ರಸ್ಟ್ – ಯಾರೇ ಮಕ್ಕಳ ಆಶ್ರಯ ಮನೆ ನಡೆಸಿದರೂ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಕಡ್ಡಾಯ. ಸಮಿತಿಗೆ ತಿಳಿಸದೆ ಮಗುವನ್ನು ತಮ್ಮ ಬಳಿ ಇಟ್ಟುಕೊಳ್ಳುವಂತಿಲ್ಲ.

ಕೆಲಸಕ್ಕೆ ಕಳಿಸುವ ಮುನ್ನ

ಕರೆದೊಯ್ಯುವವರ ಆಧಾರ್ ಪ್ರತಿ, ಕೆಲಸದ ಜಾಗದ ಪೂರ್ತಿ ವಿಳಾಸ, ಮಾಲೀಕರ ಫೋನ್ ನಂಬರ್ ತಗೊಳ್ಳಿ. ಆ ನಂಬರಿಗೆ ಮನೆಯವರೇ ಮಾತಾಡಿ. ಹುಡುಗಿಯ ಮೂಲ ದಾಖಲೆ ಏಜೆಂಟರ ಕೈಗೆ ಕೊಡಬೇಡಿ. ಮುಂಗಡ ದುಡ್ಡು ಕೊಡ್ತೀವಿ, ಇವತ್ತೇ ಹೊರಡಬೇಕು, ಯಾರಿಗೂ ಹೇಳಬೇಡಿ ಅಂದರೆ ಕಳಿಸಲೇಬೇಡಿ. ಅನುಮಾನ ಬಂದರೆ ಅಂಗನವಾಡಿ ಕಾರ್ಯಕರ್ತೆಗೆ ಅಥವಾ ಪಂಚಾಯಿತಿಗೆ ತಿಳಿಸಿ.

ಸಹಾಯವಾಣಿ: ಮಕ್ಕಳಿಗೆ 1098 | ಮಹಿಳೆಯರಿಗೆ 181 | ತುರ್ತು ಪೊಲೀಸ್ ನೆರವು 112. ಮೂರೂ ಉಚಿತ, ದಿನದ 24 ಗಂಟೆ ಲಭ್ಯ.