ಐದು ಗ್ರೂಪ್ ಸಾಕು

2012ರ ಆಗಸ್ಟ್‌ನಲ್ಲಿ ನಮ್ಮ ಕೈಯಲ್ಲಿ ಇನ್ನೂ ಬಟನ್ ಫೋನ್. ಅಸ್ಸಾಂನ ಕೊಕ್ರಝಾರ್‌ನಲ್ಲಿ ಗಲಭೆ ಆಗಿತ್ತು. ಈಶಾನ್ಯ ರಾಜ್ಯದವರ ಮೇಲೆ ದಾಳಿ ಆಗುತ್ತದೆ ಎಂಬ ಸುಳ್ಳು ಎಸ್‌ಎಂಎಸ್ ಬೆಂಗಳೂರಿನಲ್ಲಿ ಹರಿದಾಡಿತು. ಸಾವಿರಾರು ಮಂದಿ ಗಂಟು ಕಟ್ಟಿಕೊಂಡು ಗುವಾಹಟಿ ರೈಲು ಹತ್ತಿದರು. ಕೇಂದ್ರ ಸರ್ಕಾರ 15 ದಿನ ಸಗಟು ಎಸ್‌ಎಂಎಸ್ ನಿಷೇಧಿಸಿ, 5ರ ಮಿತಿ ಹಾಕಿತು.

ಆರು ವರ್ಷ ಕಳೆದ ಮೇಲೆ, 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ. ಹೈದರಾಬಾದ್ ಕಡೆಯಿಂದ ಕಾರಿನಲ್ಲಿ ಬಂದ ಗೆಳೆಯರಲ್ಲಿ ಒಬ್ಬರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ‘ಮಕ್ಕಳ ಕಳ್ಳರು’ ಎಂದು ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಹೋಯಿತು. ಕಾರಿಗಿಂತ ಮೊದಲು ಅದು ಮುರ್ಕಿ ತಲುಪಿತ್ತು. ಜನ ರಸ್ತೆಗೆ ಅಡ್ಡ ಹಾಕಿ ಕಾದಿದ್ದರು. ಒಬ್ಬ ಯುವ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಬಿಟ್ಟರು. ಅದೇ ತಿಂಗಳು ವಾಟ್ಸ್‌ಆ್ಯಪ್ ಕಂಪನಿಯೂ ಭಾರತದಲ್ಲಿ ಫಾರ್ವರ್ಡ್‌ಗೆ 5 ಚಾಟ್‌ಗಳ ಮಿತಿ ಘೋಷಿಸಿತು.

ಆಗ ಒಂದು ಗ್ರೂಪಿನಲ್ಲಿ 256 ಮಂದಿ ಇರಬಹುದಿತ್ತು. ಐದು ಗ್ರೂಪ್ ಅಂದರೆ 1,280. ನಮ್ಮ ಸಣ್ಣ ಹಳ್ಳಿಗಳ ಮತದಾರರ ಪಟ್ಟಿಯೇ ಅಷ್ಟಿರುತ್ತದೆ! ನಿಮ್ಮ ಫೋನ್ ತೆಗೆದು ಎಣಿಸಿ ನೋಡಿ: ಓಣಿಯದ್ದು, ಎಸ್ಸೆಸ್ಸೆಲ್ಸಿ ಬ್ಯಾಚಿನದ್ದು, ಯುವಕ ಸಂಘದ್ದು, ಜಾತ್ರಾ ಕಮಿಟಿಯದ್ದು, ಮಾರ್ಕೆಟ್ ರೇಟಿನದ್ದು.

2020ರ ಏಪ್ರಿಲ್‌ನಲ್ಲಿ ಈ ಗ್ರೂಪುಗಳಲ್ಲಿ ‘ಅವರ ಹತ್ತಿರ ಹಣ್ಣು ಕೊಳ್ಳಬೇಡಿ’ ಎಂಬ ಮೆಸೇಜ್ ಬಂದದ್ದು ರಾಣೆಬೆನ್ನೂರು, ಹಾವೇರಿಯ ಯಾರಿಗೂ ಮರೆತಿಲ್ಲ. ಕೊರೊನಾಕ್ಕೆ ಇಡೀ ಸಮುದಾಯವನ್ನು ದೂರಿದರೆ ಕ್ರಮ ಕೈಗೊಳ್ಳುವುದಾಗಿ ಮುಖ್ಯಮಂತ್ರಿ ಯಡಿಯೂರಪ್ಪನವರೇ ಎಚ್ಚರಿಸಬೇಕಾಯಿತು.

2024ರ ಅಕ್ಟೋಬರ್ 30ರ ರಾತ್ರಿ ನಮ್ಮ ಜಿಲ್ಲೆಯ ಸವಣೂರು ತಾಲ್ಲೂಕಿನ ಕಡಕೋಳದಲ್ಲಿ, ವಕ್ಫ್ ಹೆಸರಿಗೆ ಆಸ್ತಿ ಹೋಗುತ್ತದೆ ಎಂಬ ಸುದ್ದಿಗೆ ಮುಸ್ಲಿಮರ ಮನೆಗಳ ಮೇಲೆ ಕಲ್ಲು ಬಿದ್ದವು. ಮುಂದಿನ ವಾರವೇ, ಹಾವೇರಿಯ ರೈತರೊಬ್ಬರು ವಕ್ಫ್‌ನಿಂದಾಗಿ ಆತ್ಮಹತ್ಯೆ ಮಾಡಿಕೊಂಡರೆಂಬ ಪೋಸ್ಟ್ ಹರಡಿತು. ಅವರು ತೀರಿಕೊಂಡದ್ದು 2022ರ ಜನವರಿಯಲ್ಲಿ, ಸಾಲ ಮತ್ತು ಬೆಳೆನಷ್ಟದಿಂದ ಎಂದು ಪೊಲೀಸರು ತಿಳಿಸಿದರು. (ಪೋಸ್ಟ್ ಕುರಿತ ಕೇಸನ್ನು ಮುಂದೆ ಹೈಕೋರ್ಟ್ ರದ್ದು ಮಾಡಿತು.)

ಆ ದಿನಗಳಲ್ಲೇ ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ನಮಗೆ ಪರಿಚಯದ ಮುಸ್ಲಿಂ ಹಮಾಲರೊಬ್ಬರು ಚಹಾ ಕುಡಿಯುತ್ತ ಕೂತಿದ್ದರು. ರೇಟಿನ ಗ್ರೂಪಿನಲ್ಲಿ ಅವರ ಜನರನ್ನು ಹೀನಾಯವಾಗಿ ಬೈದ ಮೆಸೇಜ್ ಬಂದಿತ್ತು. ಮಾತು ಎತ್ತಲು ನಮಗೆ ಮುಜುಗರ. ಅವರೇ ಎತ್ತಿದರು.

“ನಾನೂ ಅದ ಗ್ರೂಪಿನ್ಯಾಗ ಅದೀನ್ರಿ ಸರ.”

“ಮತ್ತ ಬಿಟ್ಟು ಬರಬಾರದೇನ್ರಿ ಕಾಕಾ?”

“ಬಿಟ್ರ ಯಾವ ಅಂಗಡಿಗೆ ಎಷ್ಟು ಚೀಲ ಬಂದಾವಂತ ಹ್ಯಾಂಗ ತಿಳೀಬೇಕ್ರಿ? ನೀವೂ ಅದೀರಲ್ರಿ ಅದರಾಗ. ಓದಿರಬೇಕಲ್ಲ.”

ಓದಿದ್ದೆವು. ಏನೂ ಬರೆದಿರಲಿಲ್ಲ.