ಬಾಡಿಗೆ ಮನೆಯ ಕಾರ್ಬನ್ ಮಾನಾಕ್ಸೈಡ್ ಅಲಾರಂ: ಇಂಗ್ಲೆಂಡಿನ ಮಾಲೀಕರ ಹೊಣೆ

ಅನಿಲ, ಎಣ್ಣೆ, ಕಲ್ಲಿದ್ದಲು, ಸೌದೆ ಮುಂತಾದ ಇಂಗಾಲಯುಕ್ತ ಇಂಧನಗಳು ಸಾಕಷ್ಟು ಆಮ್ಲಜನಕ ಸಿಗದೆ ಅರೆಬರೆ ಉರಿದಾಗ ಹುಟ್ಟುವ ವಿಷಾನಿಲವೇ ಕಾರ್ಬನ್ ಮಾನಾಕ್ಸೈಡ್. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಇಂಗ್ಲೆಂಡಿನಲ್ಲಿ ಈ ಅನಿಲವನ್ನು ಪತ್ತೆಹಚ್ಚುವ ಅಲಾರಂ ಅಳವಡಿಸುವುದು ಬಾಡಿಗೆ ಮನೆಯ ಮಾಲೀಕನ ಕಾನೂನುಬದ್ಧ ಕರ್ತವ್ಯ. ಓದು ಮತ್ತು ಉದ್ಯೋಗಕ್ಕಾಗಿ ಅಲ್ಲಿಗೆ ಹೋಗುವ ಕನ್ನಡಿಗರಲ್ಲಿ ಹೆಚ್ಚಿನವರು ಮೊದಲು ಕಾಲಿಡುವುದು ಬಾಡಿಗೆ ಮನೆಗೇ ಆದ್ದರಿಂದ ಈ ನಿಯಮದ ಪರಿಚಯ ಅವರಿಗೂ ಅಗತ್ಯ.

ವಿಷ ಏರುವ ಬಗೆ

ರಕ್ತದಲ್ಲಿರುವ ಹಿಮೋಗ್ಲೋಬಿನ್ ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ದೇಹದ ಅಂಗಾಂಶಗಳಿಗೆ ತಲುಪಿಸುತ್ತದೆ. ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ ಸುಮಾರು 200ರಿಂದ 250 ಪಟ್ಟು ಬಿಗಿಯಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಹೀಗಾಗಿ ಉಸಿರಾಟ ಸರಾಗವಾಗಿ ನಡೆಯುತ್ತಿರುವಾಗಲೇ ಮಿದುಳು ಮತ್ತು ಹೃದಯ ಆಮ್ಲಜನಕವಿಲ್ಲದೆ ಸೊರಗುತ್ತವೆ. ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು ಇವು ಆರಂಭದ ಲಕ್ಷಣಗಳು. ಇವನ್ನು ಫ್ಲೂ ಎಂದು ತಿಳಿದು ಬಾಗಿಲು ಮುಚ್ಚಿ ಮಲಗುವುದೇ ದೊಡ್ಡ ಅಪಾಯ. ಜ್ವರ ಇಲ್ಲದಿರುವುದು, ಮನೆಯವರೆಲ್ಲರಿಗೂ ಒಟ್ಟಿಗೆ ಅಸ್ವಸ್ಥತೆ ಕಾಣುವುದು, ಹೊರಗೆ ಹೋದೊಡನೆ ಹಗುರವೆನಿಸುವುದು ಅನುಮಾನಕ್ಕೆ ಎಡೆಗೊಡಬೇಕಾದ ಸುಳಿವುಗಳು.

ಅನಿಲ ಸೋರಿಕೆ ಬೇರೆ, ಇದು ಬೇರೆ. ಸೋರಿಕೆ ಗೊತ್ತಾಗಲೆಂದು ಅಡುಗೆ ಅನಿಲಕ್ಕೆ ಗಂಧಕದ ಸಂಯುಕ್ತವೊಂದನ್ನು ಬೆರೆಸಿ ದುರ್ವಾಸನೆ ಬರಿಸಿರುತ್ತಾರೆ. ಆ ವಾಸನೆ ಉರಿಯದ ಅನಿಲದ್ದು. ಕೆಟ್ಟ ದಹನದಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಅಂಥ ಗುರುತಿಲ್ಲ. ಹೊಗೆಯ ಅಲಾರಂ ಕೂಡ ಇದನ್ನು ಗ್ರಹಿಸದು.

ಅಲಾರಂ ಕೆಲಸ ಮಾಡುವ ಕ್ರಮ

ಕಲ್ಲಿದ್ದಲು ಗಣಿಗಳಲ್ಲಿ ಈ ಅನಿಲವನ್ನು ಅರಿಯಲು ಕ್ಯಾನರಿ ಹಕ್ಕಿಯನ್ನು ಬಳಸಬಹುದೆಂದು 1890ರ ದಶಕದಲ್ಲಿ ಸೂಚಿಸಿದವರು ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್. ಹಕ್ಕಿಗಳ ಬದಲು ಎಲೆಕ್ಟ್ರಾನಿಕ್ ಉಪಕರಣ ಬಳಸುವ ತೀರ್ಮಾನ ಬ್ರಿಟನ್ನಿನಲ್ಲಿ ಹೊರಬಿದ್ದದ್ದು 1986ರಲ್ಲಿ, ಅಂದರೆ ತೀರ ಈಚೆಗೆ.

ಇಂದಿನ ಮನೆ ಅಲಾರಂಗಳಲ್ಲಿ ಹೆಚ್ಚಿನವು ವಿದ್ಯುದ್ರಾಸಾಯನಿಕ ಸಂವೇದಕವನ್ನು ಹೊಂದಿವೆ. ಸಂವೇದಕದ ವಿದ್ಯುದ್ವಾರವನ್ನು ತಲುಪಿದ ಕಾರ್ಬನ್ ಮಾನಾಕ್ಸೈಡ್ ಅಲ್ಲಿ ಉತ್ಕರ್ಷಣಗೊಂಡು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆಗ ಬಿಡುಗಡೆಯಾಗುವ ಎಲೆಕ್ಟ್ರಾನುಗಳು ಸಣ್ಣ ವಿದ್ಯುತ್ ಪ್ರವಾಹವನ್ನು ಉಂಟುಮಾಡುತ್ತವೆ. ಅನಿಲ ಹೆಚ್ಚಿದಷ್ಟೂ ಪ್ರವಾಹ ಹೆಚ್ಚುತ್ತದೆ.

ಈ ಅಲಾರಂ ಅನಿಲದ ಪ್ರಮಾಣವನ್ನಷ್ಟೇ ಅಲ್ಲ, ಅದು ಗಾಳಿಯಲ್ಲಿ ಇದ್ದ ಅವಧಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಐರೋಪ್ಯ ಮಾನಕವಾದ ಇಎನ್ 50291ರ ಪ್ರಕಾರ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 50 ಭಾಗ ಈ ಅನಿಲವಿದ್ದರೆ 60ರಿಂದ 90 ನಿಮಿಷಗಳ ನಡುವೆ, 100 ಭಾಗವಿದ್ದರೆ 10ರಿಂದ 40 ನಿಮಿಷಗಳ ನಡುವೆ, 300 ಭಾಗವಿದ್ದರೆ 3 ನಿಮಿಷಗಳೊಳಗೆ ಅಲಾರಂ ಕೂಗಬೇಕು. ಪ್ರಮಾಣ 30 ಭಾಗವಿದ್ದಾಗ ಎರಡು ಗಂಟೆಗೂ ಮುಂಚೆ ಅದು ಕೂಗಬಾರದು. ಸಣ್ಣಪುಟ್ಟದ್ದಕ್ಕೆಲ್ಲ ಕೂಗುವ ಯಂತ್ರದ ಬ್ಯಾಟರಿಯನ್ನು ಜನ ಕಿತ್ತಿಡುತ್ತಾರೆ ಎಂಬ ವಿವೇಕ ಈ ಲೆಕ್ಕದ ಹಿಂದಿದೆ.

ಮಾಲೀಕ ಮಾಡಬೇಕಾದದ್ದು

ಹೊಗೆ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಂ ನಿಯಮಗಳು ಇಂಗ್ಲೆಂಡಿನಲ್ಲಿ 2015ರ ಅಕ್ಟೋಬರ್ 1ರಂದು ಜಾರಿಗೆ ಬಂದವು. ಆಗ ಈ ಅಲಾರಂ ಕಡ್ಡಾಯವಾದದ್ದು ಸೌದೆ, ಕಲ್ಲಿದ್ದಲಿನಂಥ ಘನ ಇಂಧನದ ಒಲೆಯಿದ್ದ ಕೋಣೆಗಳಿಗೆ ಮಾತ್ರ. ದೇಶದ ಬಹುಪಾಲು ಮನೆಗಳು ಅನಿಲದ ಬಾಯ್ಲರಿನಿಂದ ಬೆಚ್ಚಗಾಗುತ್ತಿದ್ದರೂ ಬಾಯ್ಲರ್ ನಿಯಮದ ಹೊರಗೇ ಉಳಿದಿತ್ತು. ಈ ಕೊರತೆಯನ್ನು 2022ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿ ತುಂಬಿತು. ಈಗ ವಾಸಕ್ಕೆ ಬಳಸುವ ಕೋಣೆಯಲ್ಲಿ ಇಂಧನ ಉರಿಸುವ ಯಾವುದೇ ಸ್ಥಿರ ಉಪಕರಣವಿದ್ದರೆ ಅಲ್ಲಿ ಅಲಾರಂ ಇರಲೇಬೇಕು. ಸ್ನಾನದ ಮನೆ, ಶೌಚಾಲಯಗಳೂ ವಾಸದ ಕೋಣೆಗಳೆಂದೇ ಪರಿಗಣಿತ. ಸಾಮಾಜಿಕ ವಸತಿಯ ಮಾಲೀಕರನ್ನೂ ಈ ತಿದ್ದುಪಡಿ ನಿಯಮದೊಳಕ್ಕೆ ತಂದಿತು.

ಅಡುಗೆಯ ಗ್ಯಾಸ್ ಒಲೆಗೆ ಮಾತ್ರ ವಿನಾಯಿತಿ ಉಳಿದುಕೊಂಡಿದೆ. ಇದು ಈ ನಿಯಮದ ದುರ್ಬಲ ಭಾಗ. ಬಾಯ್ಲರಿನ ಹೊಗೆ ಕೊಳವೆಯ ಮೂಲಕ ಹೊರಹೋಗುತ್ತದೆ. ಒಲೆಯಲ್ಲಿ ಉರಿದದ್ದು ನೇರವಾಗಿ ಕೋಣೆಯ ಗಾಳಿಗೇ ಸೇರುತ್ತದೆ. ಎಚ್ಚರವುಳ್ಳ ಮಾಲೀಕನು ಕಾನೂನು ಕೇಳದಿದ್ದರೂ ಅಡುಗೆಮನೆಗೊಂದು ಅಲಾರಂ ಹಾಕಿಸುವುದು ಲೇಸು.

ಹೊಸ ಬಾಡಿಗೆ ಕರಾರು ಆರಂಭವಾಗುವ ದಿನ ಪ್ರತಿ ಅಲಾರಂ ಸುಸ್ಥಿತಿಯಲ್ಲಿದೆ ಎಂದು ಮಾಲೀಕನು ಖಚಿತಪಡಿಸಿಕೊಳ್ಳಬೇಕು. ಪರೀಕ್ಷಾ ಗುಂಡಿ ಒತ್ತಿದಾಗ ಸಾಮಾನ್ಯವಾಗಿ ತಿಳಿಯುವುದು ಬ್ಯಾಟರಿ, ವಿದ್ಯುನ್ಮಂಡಲ ಮತ್ತು ಧ್ವನಿಯ ಸ್ಥಿತಿ ಮಾತ್ರ. ಸಂವೇದಕಕ್ಕೂ ಆಯುಷ್ಯವಿದೆ, ಅದು ಹಲವು ಮಾದರಿಗಳಲ್ಲಿ 7ರಿಂದ 10 ವರ್ಷ. ಆದ್ದರಿಂದ ಗುಂಡಿ ಒತ್ತುವುದರ ಜೊತೆಗೆ ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಅವಧಿ ಮುಗಿಯುವ ದಿನಾಂಕವನ್ನೂ ನೋಡಬೇಕು.

ವಾಸ ಆರಂಭವಾದ ಮೇಲೆ ನಿಯಮಿತವಾಗಿ ಗುಂಡಿ ಒತ್ತಿ ನೋಡುವುದು, ಬ್ಯಾಟರಿ ಬದಲಿಸುವುದು ಬಾಡಿಗೆದಾರನ ಪಾಲಿನ ಕೆಲಸವೆಂದು ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಬ್ಯಾಟರಿ ಬದಲಿಸಿದರೂ ಅಲಾರಂ ಸ್ಪಂದಿಸದಿದ್ದರೆ ಮಾಲೀಕನಿಗೆ ತಿಳಿಸಬೇಕು. ತಿಳಿಸಿದ ಮೇಲೆ ಸಾಧ್ಯವಾದಷ್ಟು ಬೇಗ ದುರಸ್ತಿ ಮಾಡಿಸುವ ಇಲ್ಲವೇ ಹೊಸದನ್ನು ಹಾಕಿಸುವ ಹೊಣೆ ಮಾಲೀಕನದು. ತಿಳಿಸಿದ್ದು ಬರಹದಲ್ಲಿದ್ದರೆ ಮುಂದೆ ವಾದಕ್ಕೆ ಆಸ್ಪದವಿರುವುದಿಲ್ಲ.

ಅಲಾರಂ ಎಲ್ಲಿರಬೇಕು

ಈ ಅನಿಲ ಗಾಳಿಗಿಂತ ತುಸುವೇ ಹಗುರವಾಗಿದ್ದು ಕೋಣೆಯ ಗಾಳಿಯಲ್ಲಿ ಸುಲಭವಾಗಿ ಬೆರೆಯುತ್ತದೆ. ಉಪಕರಣದಿಂದ 1ರಿಂದ 3 ಮೀಟರ್ ದೂರದಲ್ಲಿ, ತಲೆಯ ಎತ್ತರದಲ್ಲಿ, ಗೋಡೆಯ ಮೇಲೆ ಅಥವಾ ಶೆಲ್ಫಿನಲ್ಲಿ ಇಡುವುದು ವಾಡಿಕೆಯ ಸಲಹೆ. ತಯಾರಕರ ಸೂಚನೆ ಭಿನ್ನವಾಗಿದ್ದರೆ ಅದನ್ನೇ ಪಾಲಿಸಬೇಕು. ಪರದೆಯ ಹಿಂದೆ ಅಥವಾ ಕಪಾಟಿನೊಳಗೆ ಇಟ್ಟ ಅಲಾರಂನಿಂದ ಪ್ರಯೋಜನವಿಲ್ಲ.

ನಿಯಮ ಮೀರಿದರೆ

ಮಾಲೀಕನು ಕರ್ತವ್ಯ ತಪ್ಪಿದ್ದಾನೆಂದು ನಂಬಲು ಕಾರಣ ಸಿಕ್ಕಿದರೆ ಸ್ಥಳೀಯ ಪೌರಸಂಸ್ಥೆ 21 ದಿನಗಳೊಳಗೆ ನೋಟಿಸು ಕೊಡಬೇಕು. ಅದನ್ನು ಪಾಲಿಸಲು ಮಾಲೀಕನಿಗೆ 28 ದಿನಗಳ ಕಾಲಾವಕಾಶವಿದೆ. ಪಾಲಿಸದಿದ್ದರೆ, ವಾಸವಿರುವವರ ಒಪ್ಪಿಗೆ ಪಡೆದು, ಸಂಸ್ಥೆಯೇ ಅಲಾರಂ ಹಾಕಿಸುತ್ತದೆ. ದಂಡ ಗರಿಷ್ಠ 5,000 ಪೌಂಡ್. ಅದರ ವಿರುದ್ಧ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು.

ಅಲಾರಂಗಿಂತ ಮೊದಲಿನ ಕರ್ತವ್ಯ

ಅಲಾರಂ ವಿಷವನ್ನು ತಡೆಯುವುದಿಲ್ಲ, ಬಂದದ್ದನ್ನು ತಿಳಿಸುತ್ತದೆ ಅಷ್ಟೆ. ವಿಷ ಹುಟ್ಟದಂತೆ ನೋಡಿಕೊಳ್ಳುವ ಹೊಣೆಯನ್ನು 1998ರ ಅನಿಲ ಸುರಕ್ಷಾ ನಿಯಮಗಳು ಮಾಲೀಕನ ಮೇಲೆ ಹೊರಿಸಿವೆ. ತಾನು ಒದಗಿಸಿದ ಅನಿಲ ಉಪಕರಣಗಳನ್ನೂ ಹೊಗೆಕೊಳವೆಗಳನ್ನೂ ಆತ ವರ್ಷಕ್ಕೊಮ್ಮೆ ‘ಗ್ಯಾಸ್ ಸೇಫ್’ ನೋಂದಣಿಯುಳ್ಳ ತಂತ್ರಜ್ಞನಿಂದ ತಪಾಸಣೆ ಮಾಡಿಸಬೇಕು. ತಪಾಸಣೆಯ ದಾಖಲೆಯ ಪ್ರತಿ ವಾಸವಿರುವವರಿಗೆ 28 ದಿನಗಳೊಳಗೆ ಸಿಗಬೇಕು. ಹೊಸಬರಿಗಾದರೆ ಮನೆ ಹೊಕ್ಕುವ ಮೊದಲೇ ಸಿಗಬೇಕು. ಈ ಕಾಗದ ಕೈಗೆ ಬರದೆ ಮನೆ ಹೊಕ್ಕುವ ಬಾಡಿಗೆದಾರನಿಗೆ ಗೋಡೆಯ ಮೇಲಿನ ಅಲಾರಂ ಅರ್ಧ ರಕ್ಷಣೆ ಮಾತ್ರ.

ಅಲಾರಂ ಕೂಗಿದಾಗ ಸಾಧ್ಯವಾದರೆ ಉಪಕರಣವನ್ನು ನಿಲ್ಲಿಸಿ, ಬಾಗಿಲು ಕಿಟಕಿ ತೆರೆದು ಎಲ್ಲರೂ ಹೊರಬರಬೇಕು. ಅನಿಲದ ತುರ್ತು ಕರೆಯ ಸಂಖ್ಯೆ 0800 111 999. ಲಕ್ಷಣಗಳಿದ್ದರೆ ವೈದ್ಯರಿಗೆ ಈ ಅನಿಲದ ಅನುಮಾನವನ್ನು ಬಾಯಿಬಿಟ್ಟು ಹೇಳಬೇಕು, ಏಕೆಂದರೆ ಶುದ್ಧ ಆಮ್ಲಜನಕ ಕೊಟ್ಟರೆ ರಕ್ತದಿಂದ ವಿಷ ಬೇಗ ಇಳಿಯುತ್ತದೆ.

ಬೇರೆಡೆಗಳಲ್ಲಿ, ನಿಯಮದ ಹೊರಗೆ

ಸ್ಕಾಟ್ಲೆಂಡಿನಲ್ಲಿ 2022ರ ಫೆಬ್ರುವರಿಯಿಂದ ಸ್ವಂತ ಮನೆಗಳಿಗೂ ಅಲಾರಂ ನಿಯಮ ಅನ್ವಯಿಸುತ್ತದೆ. ವೇಲ್ಸಿನಲ್ಲಿ ಅಲಾರಂ ಕಡ್ಡಾಯಗೊಳಿಸುವ ಬಾಡಿಗೆ ಮನೆಗಳ ಹೊಸ ಕಾನೂನು 2022ರ ಡಿಸೆಂಬರ್ 1ರಂದು ಜಾರಿಯಾಯಿತು.

ಬೆಂಗಳೂರಿನ ಮನೆಗಳಲ್ಲಿ ಇದೇ ಅಪಾಯ ಗ್ಯಾಸ್ ಗೀಸರಿನ ರೂಪದಲ್ಲಿದೆ. ಗಾಳಿಯಾಡದ ಬಚ್ಚಲಲ್ಲಿ ಗೀಸರ್ ಉರಿದು ಸಾವು ಸಂಭವಿಸಿದ ಸುದ್ದಿಗಳು ಮತ್ತೆ ಮತ್ತೆ ಪತ್ರಿಕೆಗಳಲ್ಲಿ ಬರುತ್ತಿರುತ್ತವೆ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿ ಓಡಾಡುವ ಕಡೆ ಹಾಕಿಸುವುದು ಇಲ್ಲಿನ ಮಾಲೀಕರು ಕೂಡಲೇ ಮಾಡಬಹುದಾದ ಕೆಲಸ.

ಇಂಗ್ಲೆಂಡಿನ ನಿಯಮವೂ ಎಲ್ಲರನ್ನೂ ಒಳಗೊಂಡಿಲ್ಲ. ಮಾಲೀಕನ ಮನೆಯಲ್ಲೇ ಅವನ ಕುಟುಂಬದೊಡನೆ ಅಡುಗೆಮನೆ, ಬಚ್ಚಲು ಹಂಚಿಕೊಂಡು ಒಂದು ಕೋಣೆಯಲ್ಲಿ ಇರುವವರು ಇದರ ವ್ಯಾಪ್ತಿಗೆ ಬರುವುದಿಲ್ಲ. ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಲಯಗಳಿಗೂ ಈ ನಿಯಮ ಅನ್ವಯಿಸುವುದಿಲ್ಲ. ಹೊಸದಾಗಿ ಹೋದ ವಿದ್ಯಾರ್ಥಿಗಳಲ್ಲಿ ಹಲವರು ಇರುವುದು ಇಂಥ ಕಡೆಗಳಲ್ಲೇ. ಬ್ಯಾಟರಿಯ ಅಲಾರಂಗೆ ವೈರಿಂಗ್ ಬೇಕಿಲ್ಲ, ಗೋಡೆ ಕೊರೆಯಬೇಕಾಗಿಯೂ ಇಲ್ಲ. ಒಂದನ್ನು ಕೊಂಡು ಶೆಲ್ಫಿನ ಮೇಲೆ ಇಟ್ಟುಕೊಂಡವರು ಮನೆ ಬದಲಿಸುವಾಗ ಅದನ್ನೂ ಜೊತೆಗೆ ಒಯ್ಯಬಹುದು.