ಬೆಂಗಳೂರಿಗೆ ಅಮೆರಿಕದ ಕಾನ್ಸುಲೇಟ್, ಸಿಯಾಟಲ್‌ಗೆ ಭಾರತದ್ದು: ಈ ಕೊಡು-ಕೊಳ್ಳುವಿಕೆ ನಡೆಯೋದು ಹೇಗೆ?

ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯ ಹುಡುಗಿಯೊಬ್ಬಳಿಗೆ ಅಮೆರಿಕದಲ್ಲಿ ಎಂ.ಎಸ್. ಸೀಟು ಸಿಕ್ಕಿದೆ ಅಂದುಕೊಳ್ಳಿ. ಮುಂದಿನ ಹೆಜ್ಜೆ ವೀಸಾ ಸಂದರ್ಶನ. ಅದಕ್ಕಾಗಿ ಕರ್ನಾಟಕದವರು ವರ್ಷಗಟ್ಟಲೆ ಚೆನ್ನೈಗೋ ಹೈದರಾಬಾದಿಗೋ ಓಡಾಡಿದ್ದಾರೆ. ಐಟಿ ರಾಜಧಾನಿ ಅನ್ನಿಸಿಕೊಂಡ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟೇ ಇರಲಿಲ್ಲ.

ಒಪ್ಪಂದ ಏನು?

2023ರ ಜೂನ್‌ನಲ್ಲಿ ಪ್ರಧಾನಿ ಮೋದಿ ಅಮೆರಿಕಕ್ಕೆ ಹೋದಾಗ ಬಂದ ಜಂಟಿ ಹೇಳಿಕೆಯಲ್ಲಿ ಎರಡೂ ಕಡೆಯ ಮಾತು ಒಟ್ಟಿಗೇ ಇತ್ತು. ಅಮೆರಿಕ ಬೆಂಗಳೂರು, ಅಹಮದಾಬಾದ್‌ಗಳಲ್ಲಿ ಕಾನ್ಸುಲೇಟ್ ತೆರೆಯುವ ಪ್ರಕ್ರಿಯೆ ಆರಂಭಿಸುತ್ತದೆ. ಭಾರತ ಸಿಯಾಟಲ್‌ನಲ್ಲಿ ಮತ್ತು ಇನ್ನೆರಡು ನಗರಗಳಲ್ಲಿ ತೆರೆಯುತ್ತದೆ. ಸಿಯಾಟಲ್ ಕಚೇರಿ ಅದೇ ವರ್ಷ ಆರಂಭವಾಯಿತು. ಅದರ ವ್ಯಾಪ್ತಿಗೆ ಒಂಬತ್ತು ರಾಜ್ಯಗಳು. ಬೆಂಗಳೂರಿನ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಯಾಯಿತು. ಆದರೆ ಅಂದು ವೀಸಾ ಸೇವೆ ಶುರುವಾಗಲಿಲ್ಲ.

ನಿಯಮ ಏನು ಹೇಳುತ್ತೆ?

1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದ 4ನೇ ವಿಧಿ ಪ್ರಕಾರ, ಆತಿಥೇಯ ದೇಶ ಒಪ್ಪದೆ ಕಾನ್ಸುಲೇಟ್ ತೆರೆಯುವಂತಿಲ್ಲ. ಯಾವ ಊರು, ಯಾವ ದರ್ಜೆಯ ಕಚೇರಿ, ಎಷ್ಟು ವ್ಯಾಪ್ತಿ ಎಂಬುದಕ್ಕೂ ಅದರ ಒಪ್ಪಿಗೆ ಬೇಕು. ಕಚೇರಿಯ ಮುಖ್ಯಸ್ಥರಿಗೂ ಆ ದೇಶದ ಅನುಮತಿ ಪತ್ರ ಬೇಕು. 'ನೀವು ಒಂದು ತೆರೆದರೆ ನಾವೂ ಒಂದು' ಅನ್ನೋ ಲೆಕ್ಕ ಒಪ್ಪಂದದಲ್ಲಿ ಬರೆದಿಲ್ಲ. ಆದರೆ ಒಪ್ಪಿಗೆ ಕೊಡುವವರು ಪ್ರತಿಯಾಗಿ ಏನಾದರೂ ಕೇಳೋದು ಸಹಜ. ಚೌಕಾಸಿ ಹುಟ್ಟೋದೇ ಅಲ್ಲಿ.

ಬೋರ್ಡ್ ಬಂದರೆ ವೀಸಾ ಬಂತೇ?

ಇಲ್ಲ. ವೀಸಾ ಕೊಡೋದು ಕಾನ್ಸುಲೇಟಿನ ಹಲವು ಕೆಲಸಗಳಲ್ಲಿ ಒಂದು ಮಾತ್ರ. ಅದಕ್ಕೆ ಸಂದರ್ಶನದ ಕೌಂಟರ್, ಬೆರಳಚ್ಚಿನ ವ್ಯವಸ್ಥೆ, ಭದ್ರತೆಯಿರುವ ಕಟ್ಟಡ, ತರಬೇತಾದ ಅಧಿಕಾರಿಗಳು ಬೇಕು. ಇದಕ್ಕೆಲ್ಲ ಹಣ, ಸಿಬ್ಬಂದಿ ಒದಗಿಸಬೇಕಾದದ್ದು ಕಚೇರಿ ತೆರೆಯುವ ದೇಶ.

ರಾಜ್ಯದ ಪಾತ್ರ?

ಸಂಧಾನದಲ್ಲಿ ರಾಜ್ಯಕ್ಕೆ ಕುರ್ಚಿ ಇಲ್ಲ. ಸಂವಿಧಾನದ 7ನೇ ಅನುಸೂಚಿಯಲ್ಲಿ ಕಾನ್ಸುಲರ್ ಪ್ರಾತಿನಿಧ್ಯವೂ ವೀಸಾವೂ ಕೇಂದ್ರ ಪಟ್ಟಿಯಲ್ಲಿವೆ. ರಾಜ್ಯ ಸರ್ಕಾರ ಮನವಿ ಮಾಡಬಹುದು, ಜಾಗ ಹುಡುಕಲು ನೆರವಾಗಬಹುದು, ಅಷ್ಟೇ. ಸಂಸತ್ತಿನಲ್ಲಿ ಪ್ರಶ್ನೆ ಕೇಳಬೇಕಾದವರು ನಮ್ಮ ಸಂಸದರು.

ಹಾಗಾಗಿ ಇಂಥ ಘೋಷಣೆ ಬಂದಾಗ ಟೇಪು ಕತ್ತರಿಸಿದ ದಿನ ನೋಡಿ ಸುಮ್ಮನಾಗಬೇಡಿ. ಮೊದಲ ಸಂದರ್ಶನ ಯಾವತ್ತು ಅಂತ ಕೇಳಿ. ಕನ್ನೊಳ್ಳಿಯಿಂದ ಹೊರಡುವವರಿಗೆ ಲೆಕ್ಕಕ್ಕೆ ಬರೋದು ಆ ದಿನಾಂಕವೇ.